ಎರಡೂಮುಕ್ಕಾಲು ಕಿಲೋ ಕಲ್ಲು: ಗುಡ್ಡೆ ಬಾಡಿನ ಮಂಜು ಬಿಡಿಸಿದ ದಾಖಲೆ

ಏಪ್ರಿಲ್ 1, 2025, ಮಂಗಳವಾರ: ತಪ್ಪು ಶುರುವಾದ ದಿನ

ಈ ವರ್ಷ ಯುಗಾದಿ ಭಾನುವಾರ ಬಂದು, ಮರುದಿನದ ಮಾಂಸದೂಟದ ಹಬ್ಬ ಹೊಸತೊಡಕು ಸೋಮವಾರಕ್ಕೆ ಬಿದ್ದಿತು. ನಮ್ಮ ಮನೆಯಲ್ಲಿ ಸೋಮವಾರ ಬಾಡು ಒಲೆ ಏರುವುದಿಲ್ಲ. ಊರಿನಲ್ಲೂ ಅದೇ ಲೆಕ್ಕ. ಹಾಗಾಗಿ ಮದ್ದೂರು ಕಡೆಯ ನಮ್ಮ ಹಳ್ಳಿಯಲ್ಲಿ ಮಂಗಳವಾರ ಬೆಳಗಿನ ಜಾವ ಐದಕ್ಕೆ ಮರಿ ಕೊಯ್ದು, ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿದರು. ಗುಡ್ಡೆ ಹಾಕುವುದನ್ನು ನೋಡದವರಿಗೆ ಹೇಳಬೇಕು: ಅಲ್ಲಿ ತಕ್ಕಡಿ ಇರುವುದಿಲ್ಲ. ಪ್ರತಿ ಗುಡ್ಡೆಗೂ ಎರಡು ಪಕ್ಕೆಲುಬು, ಹೆಬ್ಬೆರಳಿನಷ್ಟು ಈಲಿ (ಯಕೃತ್ತು), ಒಂದು ಎಳೆ ಕೊಬ್ಬು, ಒಂದಿಷ್ಟು ಬೋಟಿ. ಕೊನೆಯಲ್ಲಿ ಒಬ್ಬರು ಕುಕ್ಕರುಗಾಲಿನಲ್ಲಿ ಸಾಲು ಸಾಗುತ್ತಾ, ಈ ಗುಡ್ಡೆಯಿಂದ ಒಂದು ಚೂರು ಆ ಗುಡ್ಡೆಗೆ ಎಸೆಯುತ್ತಾ ಕಣ್ಣಳತೆಯಲ್ಲೇ ಸಮ ಮಾಡುತ್ತಾರೆ. ಆಮೇಲೆ ತಕರಾರು ಮಾಡುವಂತಿಲ್ಲ.

ಎರಡು ಗುಡ್ಡೆಗೆ ಮೂರು ಸಾವಿರ ರೂಪಾಯಿ ಕೊಟ್ಟೆ. ಮಂಡ್ಯದ ಮನೆಗೆ ತಂದು ತೂಗಿದಾಗ 4 ಕಿಲೋ 300 ಗ್ರಾಂ. ಒಂದೂವರೆ ಕಿಲೋದಷ್ಟು ಅಂದೇ ಸಾರಾಯಿತು. ಉಳಿದ ಎರಡೂಮುಕ್ಕಾಲು ಕಿಲೋವನ್ನು, ಬಂದ ಕಪ್ಪು ಕವರಿನಲ್ಲೇ ಗಂಟು ಹಾಕಿ ಫ್ರೀಜರ್‌ಗೆ ತುರುಕಿದೆ. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಕೊಯ್ದು ಆರೂವರೆ ಗಂಟೆಯಾಗಿತ್ತು, ಅಷ್ಟೂ ಹೊತ್ತು ಮಾಂಸ ಬಿಸಿಲುಗಾಲದ ಹವೆಯಲ್ಲೇ ಇತ್ತು. ಆಗ ಅದು ನನ್ನ ಲೆಕ್ಕಕ್ಕೇ ಬರಲಿಲ್ಲ.

ಏಪ್ರಿಲ್ 12 ಮತ್ತು 13: ಅಡುಗೆ ಕಟ್ಟೆಯ ಮೇಲೆ ಒಂದು ರಾತ್ರಿ

ಸೋಮವಾರ ಅಂಬೇಡ್ಕರ್ ಜಯಂತಿಯ ರಜೆ ಇದ್ದುದರಿಂದ ಭಾನುವಾರಕ್ಕೆ ನೆಂಟರು ಬರುವವರಿದ್ದರು. ಶನಿವಾರ ರಾತ್ರಿ ಹತ್ತಕ್ಕೆ ಕವರನ್ನು ಹೊರತೆಗೆದೆ. ಗುಂಡುಕಲ್ಲಿನಂತಿತ್ತು. ಕಟ್ಟೆಯ ಮೇಲಿಟ್ಟಾಗ ಟಣ್ ಎಂದು ಸದ್ದಾಯಿತು. ಒಂದು ತಟ್ಟೆಯಲ್ಲಿಟ್ಟು, ಬೆಕ್ಕು ಬಾರದಂತೆ ಮೇಲೆ ಪಾತ್ರೆ ಮಗುಚಿ ಮಲಗಿದೆ. ನಮ್ಮ ಮನೆಯಲ್ಲಿ ಫ್ರಿಜ್ ಬಂದಾಗಿನಿಂದ ನಡೆದು ಬಂದ ಪದ್ಧತಿಯೇ ಇದು.

ಬೆಳಗ್ಗೆ ಆರಕ್ಕೆ ನೋಡಿದರೆ ತಟ್ಟೆ ತುಂಬಿ ಕೆಂಪು ನೀರು ಕಟ್ಟೆಗೆ ಇಳಿದಿತ್ತು. ಹೊರಗಿನ ತುಂಡುಗಳು ಕೈಗೆ ಬೆಚ್ಚಗೆ ಅನ್ನಿಸಿದವು, ಬೆರಳಿಗೆ ಲೋಳೆ ಹತ್ತಿತು. ಬೆಸೆದುಕೊಂಡ ತುಂಡುಗಳನ್ನು ಬಿಡಿಸಲು ಚಾಕು ತೂರಿಸಿದರೆ ಒಳಗೆ ಇನ್ನೂ ಐಸ್, ಚಾಕು ಎರಡು ಬೆರಳು ಇಳಿದು ನಿಂತಿತು. ಒಂದೇ ಗಂಟಿನಲ್ಲಿ ಅರ್ಧ ಹಳಸಿದ್ದು, ಅರ್ಧ ಕಲ್ಲು.

ಅಮ್ಮ ಮೂಸಿ ನೋಡಿ, "ಏನೂ ಆಗಿಲ್ಲ, ಕುಕ್ಕರಿನಲ್ಲಿ ಎರಡು ಕೂಗು ಜಾಸ್ತಿ ಹಾಕು, ಎಲ್ಲ ಸಾಯುತ್ತದೆ" ಎಂದಳು. ಕ್ರಿಮಿಗಳು ಸಾಯುತ್ತವೆ ಎಂಬುದು ನಿಜ. ಆದರೆ ಸ್ಟ್ಯಾಫಿಲೋಕಾಕಸ್‌ನಂತಹವು ಬೆಚ್ಚಗಿನಲ್ಲಿ ಬೆಳೆಯುತ್ತಾ ಉಗುಳಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಇಷ್ಟನ್ನು ಹೇಳುವಷ್ಟರಲ್ಲಿ ಅಡುಗೆಮನೆಯಲ್ಲಿ ಜಗಳವೇ ಆಯಿತು. "ನಮ್ಮ ಕಾಲದಲ್ಲಿ ಮಿಕ್ಕಿದ್ದಕ್ಕೆ ಉಪ್ಪು ಅರಿಶಿನ ಹಚ್ಚಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟಿ ಉಪ್ಪುಕಂಡ ಮಾಡುತ್ತಿದ್ದೆವು. ಈ ಪೆಟ್ಟಿಗೆ ಬಂದ ಮೇಲೆಯೇ ಇದೆಲ್ಲ ರಗಳೆ" ಎಂದು ಹೇಳಿ ಒಳಗೆ ಹೋದಳು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಎರಡೂಮುಕ್ಕಾಲು ಕಿಲೋ, ಹತ್ತಿರ ಹತ್ತಿರ ಎರಡು ಸಾವಿರ ರೂಪಾಯಿ, ತೆಂಗಿನ ಬುಡದಲ್ಲಿ ಹೂತೆ. ಮೇಲೆ ಕಲ್ಲು ಇಡಲಿಲ್ಲ, ಅದು ಇನ್ನೊಂದು ತಪ್ಪು. ಸಂಜೆ ಬೀದಿನಾಯಿಗಳು ಅಗೆದು, ಪಕ್ಕದ ಮನೆಯ ರಂಗೋಲಿಯ ಮೇಲೆ ಒಂದು ಪಕ್ಕೆಲುಬು ಇಟ್ಟು ಹೋದವು. ನೆಂಟರಿಗೆ ಮೊಟ್ಟೆ ಸಾರು.

ಏಪ್ರಿಲ್ 16: ಥರ್ಮಾಮೀಟರ್, ಮೊದಲನೆಯದು ಮತ್ತು ಎರಡನೆಯದು

ಚೂಪು ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ತರಿಸಿದೆ, 380 ರೂಪಾಯಿ. ಬಂದ ದಿನವೇ ಗಟ್ಟಿಯಾದ ಕೋಳಿ ತುಂಡಿಗೆ ಬಲವಾಗಿ ಚುಚ್ಚಿದೆ. ಕಡ್ಡಿ ಬಾಗಿತು, ಪರದೆಯಲ್ಲಿ ಅಡ್ಡಗೆರೆಗಳು ಬಂದವು, ಕಥೆ ಮುಗಿಯಿತು. ಎರಡನೆಯದಕ್ಕೆ 420.

ಎರಡನೆಯದನ್ನು ಮೊದಲು ಪರೀಕ್ಷೆ ಮಾಡಿದೆ. ಸ್ಟೀಲ್ ಲೋಟದ ತುಂಬ ಪುಡಿ ಐಸ್, ಅದು ಮುಳುಗುವಷ್ಟೇ ನೀರು, ಎರಡು ನಿಮಿಷ ಕಲಕಿ ಕಡ್ಡಿ ಇಟ್ಟೆ. ಸೊನ್ನೆ ತೋರಿಸಬೇಕಾದದ್ದು 0.8 ತೋರಿಸಿತು. ಅಂದಿನಿಂದ ಎಲ್ಲ ಅಳತೆಯಲ್ಲೂ 0.8 ಕಳೆಯುತ್ತಿದ್ದೇನೆ. ಕೆಳಗೆ ಬರೆದಿರುವುದೆಲ್ಲ ಕಳೆದ ಮೇಲಿನ ಅಂಕಿ.

ಗಟ್ಟಿ ಮಾಂಸದ ನಡುಭಾಗ ಅಳೆಯುವುದಕ್ಕೆ ಉಪಾಯ ಹೊಳೆದದ್ದು ಎಳನೀರು ಕುಡಿಯುವಾಗ. ಪೊಟ್ಟಣ ಕಟ್ಟುವಾಗಲೇ ನಡುವೆ ಸ್ಟ್ರಾ ತುಂಡೊಂದನ್ನು, ಒಳತುದಿ ಮಡಚಿ, ನಿಲ್ಲಿಸಿ ಫ್ರೀಜ್ ಮಾಡುವುದು. ಆಮೇಲೆ ಕಡ್ಡಿ ಅದರೊಳಗೆ ಸಲೀಸಾಗಿ ಇಳಿಯುತ್ತದೆ.

ಏಪ್ರಿಲ್ 17ರಿಂದ 19: ಫ್ರಿಜ್ಜನ್ನೇ ಅಳೆದದ್ದು

ಮಾಂಸಕ್ಕೆ ಕೈ ಹಾಕುವ ಮೊದಲು ಫ್ರಿಜ್ ಎಷ್ಟು ತಣ್ಣಗಿದೆ ಎಂದು ನೋಡೋಣವೆನ್ನಿಸಿತು. ಗಾಳಿಯ ಅಳತೆ ಬಾಗಿಲು ತೆಗೆದ ಕೂಡಲೇ ಜಿಗಿಯುವುದರಿಂದ, ಮೂರು ಲೋಟ ನೀರನ್ನು ಮೂರು ಕಡೆ ರಾತ್ರಿಯಿಡೀ ಇಟ್ಟೆ. ಬೆಳಗ್ಗೆ ಮೇಲಿನ ಹಲಗೆಯದು 9, ಕೆಳಗಿನದು 7, ಬಾಗಿಲಿನದು 12 ಡಿಗ್ರಿ. ಮಾಂಸ 5 ಡಿಗ್ರಿಗಿಂತ ಕೆಳಗಿರಬೇಕು. 5ರಿಂದ 60ರವರೆಗಿನದು ಕ್ರಿಮಿಗಳಿಗೆ ಹಬ್ಬ. ಅಂದರೆ ಇಷ್ಟು ವರ್ಷ ನಮ್ಮ ಮನೆಯಲ್ಲಿ ಫ್ರಿಜ್ ಎಂದು ನಂಬಿದ್ದದ್ದು ತಂಪಾದ ಕಪಾಟು ಮಾತ್ರ.

ಕಾರಣ ಬಾಗಿಲಿನ ರಬ್ಬರ್. ನೂರರ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಿದೆ. ಮೂರು ಕಡೆ ಬಿಗಿಯಾಗಿ ಹಿಡಿಯಿತು, ಕೆಳಗಿನ ಬಲಮೂಲೆಯಲ್ಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಜಾರಿ ಬಂತು. ರಿಪೇರಿಯವರು ಹೊಸ ರಬ್ಬರ್‌ಗೆ 1,400 ಕೇಳಿದರು. ಅದಕ್ಕೂ ಮೊದಲು ಒಂದು ಕೈ ನೋಡೋಣವೆಂದು, ಬಿಸಿ ಸೋಪು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಮಡಿಕೆಗಳನ್ನು ಉಜ್ಜಿದೆ. ಹೊರಬಂದದ್ದು ಹಿಟ್ಟು, ಕರಿಬೇವಿನ ಕಡ್ಡಿ, ಒಂದು ಸತ್ತ ಜಿರಳೆ. ಒರೆಸಿ, ಕೂದಲು ಒಣಗಿಸುವ ಯಂತ್ರದಿಂದ ಆ ಮೂಲೆಗೆ ಎರಡು ನಿಮಿಷ ಬಿಸಿಗಾಳಿ ಕೊಟ್ಟು, ಕೈಯಿಂದ ಎಳೆದು ಆಕಾರಕ್ಕೆ ತಂದು, ಬಾಗಿಲು ಮುಚ್ಚಿ ಹೊರಗಿನಿಂದ ಕುರ್ಚಿ ಒತ್ತಿಟ್ಟೆ. ಗುಂಡಿಯನ್ನು 2ರಿಂದ 4ಕ್ಕೆ ತಿರುಗಿಸಿದೆ. ಮರುದಿನ ಕೆಳಹಲಗೆಯ ಲೋಟ 4.1. ಫ್ರೀಜರ್ ಮೈನಸ್ 13ರಿಂದ ಮೈನಸ್ 18ಕ್ಕೆ ಇಳಿದಿತ್ತು. ಖರ್ಚು ಏನೂ ಇಲ್ಲ. ಆದರೆ ಬಾಗಿಲಿನಲ್ಲಿ ಈಗಲೂ 8 ಇರುತ್ತದೆ, ಅಲ್ಲಿ ಮಾಂಸವಿರಲಿ, ಹಾಲನ್ನೂ ಇಡುತ್ತಿಲ್ಲ.

ಏಪ್ರಿಲ್ 20ರಿಂದ 24: ಉಂಡೆ ಮತ್ತು ಹಪ್ಪಳ

ಭಾನುವಾರ ಒಂದು ಕಿಲೋ ಮಟನ್ ತಂದು ಎರಡು ಪಾಲು ಮಾಡಿದೆ. ಅರ್ಧ ಕಿಲೋ ಉಂಡೆಯಾಗಿ ಕವರಿನಲ್ಲಿ, ಇನ್ನರ್ಧ ಜಿಪ್ ಇರುವ ಚೀಲದಲ್ಲಿ ಎರಡು ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಊಟದ ತಟ್ಟೆಯ ಮೇಲೆ ಮಲಗಿಸಿ. ಎರಡಕ್ಕೂ ಸ್ಟ್ರಾ, ಚಪ್ಪಟೆಯದಕ್ಕೆ ಮಾತ್ರ ಮಲಗಿಸಿ. ಎರಡು ದಿನ ಫ್ರೀಜರ್‌ನಲ್ಲಿಟ್ಟು, ಮಂಗಳವಾರ ರಾತ್ರಿ ಎಂಟಕ್ಕೆ ಕೆಳಗೆ ಫ್ರಿಜ್‌ಗೆ ಇಳಿಸಿದೆ.

ಚಪ್ಪಟೆಯದು ಮರುದಿನ ಬೆಳಗ್ಗೆ ಹತ್ತಕ್ಕೆ, ಅಂದರೆ 14 ಗಂಟೆಯಲ್ಲಿ, ಬಾಗುತ್ತಿತ್ತು. ನಡುಭಾಗ 1 ಡಿಗ್ರಿ. ಉಂಡೆ ಆ ಹೊತ್ತಿಗೆ ಮೈನಸ್ 2. ಮಧ್ಯಾಹ್ನ ಮೈನಸ್ 1.5. ಸಂಜೆ ಮೈನಸ್ 1.3. ಥರ್ಮಾಮೀಟರ್ ಕೆಟ್ಟಿತೇನೋ ಎಂದು ಮತ್ತೆ ಐಸ್ ಲೋಟಕ್ಕೆ ಹಾಕಿ ನೋಡಿದೆ, ಸರಿ ಇತ್ತು. ಆ ಒಂದೆರಡು ಡಿಗ್ರಿಯಲ್ಲೇ ಅದು ಗಂಟೆಗಟ್ಟಲೆ ಕೂರುತ್ತದೆ, ಒಳಗಿನ ಐಸೆಲ್ಲ ನೀರಾಗುವವರೆಗೆ ಅಲುಗುವುದಿಲ್ಲ. ಉಂಡೆಯ ಮಂಜು ಪೂರ್ತಿ ಬಿಟ್ಟದ್ದು ಗುರುವಾರ ಬೆಳಗಿನ ಜಾವ ಎರಡಕ್ಕೆ, 30 ಗಂಟೆ. ಹೌದು, ಅಲಾರಾಂ ಇಟ್ಟು ಎದ್ದು ನೋಡಿದೆ. ಹೆಂಡತಿ ಆ ಬಗ್ಗೆ ಏನೂ ಹೇಳಲಿಲ್ಲ, ಹೊದಿಕೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ತೂಕ ಅದೇ, ಕೊಯ್ದ ಮರಿ ಅದೇ, ಫ್ರಿಜ್ ಅದೇ. ದಪ್ಪವೊಂದೇ ಬೇರೆ. ಹೊಸತೊಡಕಿನ ಗಂಟನ್ನು ಈ ಲೆಕ್ಕದಲ್ಲಿ ಫ್ರಿಜ್‌ನಲ್ಲಿ ಬಿಡಿಸಬೇಕಿದ್ದರೆ ಎರಡು ದಿನಕ್ಕೂ ಮೇಲೆ ಬೇಕಾಗುತ್ತಿತ್ತು. ನಾನು ಕೊಟ್ಟದ್ದು ಎಂಟು ಗಂಟೆ, ಅದೂ 29 ಡಿಗ್ರಿಯ ಅಡುಗೆಮನೆಯಲ್ಲಿ.

ಈ ಸುತ್ತಿನ ತಪ್ಪು: ಉಂಡೆಯ ಕವರನ್ನು ನಡುಹಲಗೆಯ ಮೇಲೆ ಬರಿದೇ ಇಟ್ಟಿದ್ದೆ. ಕವರಿನ ಬುಡದಲ್ಲಿ ಮೂಳೆ ಚುಚ್ಚಿ ತೂತಾಗಿತ್ತು. ಕೆಳಗೆ ಕೊತ್ತಂಬರಿ ಕಟ್ಟು, ಹೆಚ್ಚಿಟ್ಟ ಸೌತೆಕಾಯಿ. ಎರಡರ ಮೇಲೂ ಕೆಂಪು ಹನಿ. ಕೊತ್ತಂಬರಿಯನ್ನು ತೊಳೆದರಾಯಿತು ಎಂದು ಒಂದು ಕ್ಷಣ ಅನ್ನಿಸಿತು, ಆದರೆ ಅದು ಹಸಿಯಾಗಿಯೇ ತಟ್ಟೆಗೆ ಬರುವ ವಸ್ತು. ಎರಡನ್ನೂ ಎಸೆದು, ಹಲಗೆ ಕಳಚಿ ಸೋಪಿನಲ್ಲಿ ತೊಳೆದೆ. ಅಂದಿನಿಂದ ಮಾಂಸವಿರುವುದು ಎತ್ತರದ ಅಂಚಿನ ಸ್ಟೀಲ್ ಬೋಗುಣಿಯಲ್ಲಿ, ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿ.

ನಡುವೆ ಬುಧವಾರ ಮಧ್ಯಾಹ್ನ ಮೂರು ಗಂಟೆ ಕಾಲ ಕರೆಂಟ್ ಇರಲಿಲ್ಲ. ಬಾಗಿಲು ಮುಟ್ಟದಂತೆ ಚೀಟಿ ಅಂಟಿಸಿದೆ. ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆಯವರೆಗೆ ಚಿಂತೆಯಿಲ್ಲ. ಕರೆಂಟ್ ಬಂದಾಗ ಲೋಟದ ನೀರು 6ಕ್ಕೆ ಏರಿತ್ತು, ಮಾಂಸ ಮೈನಸ್‌ನಲ್ಲೇ ಇತ್ತು. ಐಸಿನ ತುಂಡು ಒಳಗಿದ್ದರೆ ಫ್ರಿಜ್‌ಗೂ ಆಸರೆ.

ಏಪ್ರಿಲ್ 27: ತಣ್ಣೀರು ಎಂಬ ಸುಳ್ಳು

ಅವಸರವಿದ್ದಾಗ ಏನು ಮಾಡುವುದು? ಬಿಗಿಯಾಗಿ ಮುಚ್ಚಿದ ಚೀಲದಲ್ಲಿ ಹಾಕಿ ತಣ್ಣನೆಯ ನಲ್ಲಿನೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ ಎಂದು ಎಲ್ಲರೂ ಬರೆಯುತ್ತಾರೆ. ಬರೆದವರು ಏಪ್ರಿಲ್‌ನ ಮಂಡ್ಯದಲ್ಲಿ ಮಧ್ಯಾಹ್ನ ಒಂದು ಗಂಟೆಗೆ ನಲ್ಲಿ ತಿರುಗಿಸಿಲ್ಲ.

ನಾನು ತಿರುಗಿಸಿದೆ. ಅರ್ಧ ಕಿಲೋ ಚಪ್ಪಟೆ ಪೊಟ್ಟಣವನ್ನು ಬೋಗುಣಿಗೆ ಹಾಕಿ, ನೀರು ಬಿಟ್ಟು, ಪತ್ರಿಕೆ ಓದಲು ಕುಳಿತೆ. ಕಾಲು ಗಂಟೆ ಬಿಟ್ಟು ಬಂದರೆ ಪೊಟ್ಟಣದ ಅಂಚುಗಳು ಬೂದುಬಣ್ಣಕ್ಕೆ ತಿರುಗಿದ್ದವು. ಆಗ ನೆನಪಾಗಿ ನಲ್ಲಿಯ ನೀರಿಗೇ ಕಡ್ಡಿ ಇಟ್ಟೆ: 38 ಡಿಗ್ರಿ. ತಾರಸಿಯ ಮೇಲಿನ ಕಪ್ಪು ಟ್ಯಾಂಕ್ ಬೆಳಗ್ಗೆಯಿಂದ ಬಿಸಿಲು ಕುಡಿದಿತ್ತು. ಮಾಂಸವನ್ನು ನಾನು ಮೈಕಾವಿನ ನೀರಿನಲ್ಲಿ ನೆನೆಹಾಕಿದ್ದೆ. ಕಾಲು ಗಂಟೆಯಷ್ಟೇ ಆಗಿದ್ದರಿಂದ ಆ ಕೂಡಲೇ ಕುಕ್ಕರಿಗೆ ಹಾಕಿ ಉಳಿಸಿಕೊಂಡೆ.

ಆಮೇಲೆ ಮನೆಯಲ್ಲಿರುವ ನೀರನ್ನೆಲ್ಲ ಅಳೆದೆ. ನಲ್ಲಿ, ಬೆಳಗ್ಗೆ ಆರಕ್ಕೆ: 27. ಮಧ್ಯಾಹ್ನ: 38. ನೆಲದಡಿಯ ತೊಟ್ಟಿ: 26. ಮಣ್ಣಿನ ಹೂಜಿ: 23. ಅಮೆರಿಕದ ಹೋಟೆಲುಗಳ ನಿಯಮದಲ್ಲಿ ಮಂಜು ಬಿಡಿಸುವ ಹರಿಯುವ ನೀರು 21 ಡಿಗ್ರಿ ದಾಟುವಂತಿಲ್ಲ. ಹೂಜಿಯೊಂದೇ ಅದರ ಹತ್ತಿರ ಬಂತು.

ಎರಡನೆಯ ಪ್ರಯತ್ನ ಸಂಜೆ. ಹೂಜಿಯ ಐದು ಲೀಟರ್ ನೀರಿಗೆ ಎರಡು ಟ್ರೇ ಐಸ್ ಹಾಕಿದೆ, ಸುಮಾರು 400 ಗ್ರಾಂ. ಕಲಕಿದ ಮೇಲೆ 16 ಡಿಗ್ರಿ. ಪೊಟ್ಟಣ ತೇಲತೊಡಗಿತು. ತೇಲಿದ ಭಾಗ ಗಾಳಿಗೆ ತೆರೆದುಕೊಂಡರೆ ಪ್ರಯೋಜನವಿಲ್ಲ. ಮೇಲೆ ತಟ್ಟೆ, ತಟ್ಟೆಯ ಮೇಲೆ ಶುಂಠಿ ಜಜ್ಜುವ ಕುಟ್ಟಾಣಿ. ಅರ್ಧ ಗಂಟೆಗೆ ನೀರು 12ಕ್ಕೆ ಇಳಿದಿತ್ತು, ಮಾಂಸವೇ ಅದನ್ನು ತಣ್ಣಗೆ ಮಾಡಿತ್ತು. 40 ನಿಮಿಷಕ್ಕೆ ಪೂರ್ತಿ ಬಿಟ್ಟಿತು.

ಆದರೆ ಜಿಪ್ಪಿನ ಮೂಲೆ ಸರಿಯಾಗಿ ಕೂತಿರಲಿಲ್ಲ, ಒಳಗೆ ನೀರು ಹೋಗಿತ್ತು. ತುಂಡುಗಳು ಬಿಳಿಚಿ, ಹಿಂಡಿದರೆ ನೀರು ಸುರಿಯುತ್ತಿತ್ತು. ಬಾಣಲೆಗೆ ಹಾಕಿದಾಗ ಹುರಿಯುವ ಬದಲು ಬೇಯತೊಡಗಿದವು. ಮುಂದಿನ ಸಲದಿಂದ ಎರಡು ಚೀಲ, ಒಂದರೊಳಗೆ ಒಂದು. ಬಾಯಿ ತೆರೆದ ಚೀಲವನ್ನು ಮೆಲ್ಲಗೆ ನೀರಿಗೆ ಇಳಿಸಿದರೆ ನೀರೇ ಒತ್ತಿ ಗಾಳಿಯನ್ನು ಹೊರಗೆ ಹಾಕುತ್ತದೆ, ಬಾಯಿ ಮುಳುಗುವ ಮೊದಲು ಜಿಪ್ ಎಳೆದುಬಿಡಬೇಕು. ಜಿಪ್ ಚೀಲ ಇಪ್ಪತ್ತಕ್ಕೆ 190 ರೂಪಾಯಿ. ಹಸಿ ಮಾಂಸ ಹಾಕಿದ ಚೀಲವನ್ನು ತೊಳೆದು ಮತ್ತೆ ಬಳಸುವ ಆಸೆ ಬಂತು, ಬಿಟ್ಟೆ.

ಮೇ ತಿಂಗಳ ಚಿಲ್ಲರೆ ಪ್ರಯೋಗಗಳು

ಮೈಕ್ರೋವೇವ್: ಖೈಮಾಗೆ ಪರವಾಗಿಲ್ಲ, ಎರಡು ನಿಮಿಷಕ್ಕೊಮ್ಮೆ ಮುರಿದು ತಿರುಗಿಸುತ್ತಿದ್ದರೆ. ಮೂಳೆ ತುಂಡಿಗೆ ಬೇಡ. ಅಂಚು ಬೆಂದು ಚರ್ಮದಂತಾಯಿತು, ನಡುವೆ ಐಸ್ ಹಾಗೆಯೇ ಇತ್ತು. ಈಲಿ ಸಿಡಿದು ಒಳಗೋಡೆಗೆಲ್ಲ ಅಂಟಿತು. ಹೀಗೆ ಬಿಡಿಸಿದ್ದನ್ನು ಆಗಲೇ ಬೇಯಿಸಬೇಕು, ಇಟ್ಟುಕೊಳ್ಳುವಂತಿಲ್ಲ.

ಗಟ್ಟಿಯಿದ್ದಂತೆಯೇ ಕುಕ್ಕರಿಗೆ: ಚಪ್ಪಟೆ ಪೊಟ್ಟಣವಾದರೆ ನಡೆಯುತ್ತದೆ. ಐದು ಕೂಗಿನ ಜಾಗದಲ್ಲಿ ಎಂಟು ಕೂಗಿಸಿದೆ. ಮಾಂಸ ಬೆಂದಿತು, ಸುರಕ್ಷಿತವೂ ಹೌದು. ಆದರೆ ಈರುಳ್ಳಿಯ ಜೊತೆ ಹುರಿದು ಕೆಂಪಗಾಗುವ ಹಂತವೇ ಇಲ್ಲದ್ದರಿಂದ ಸಾರು ಸಪ್ಪೆ. ಅಮ್ಮ ಒಂದು ತುತ್ತು ತಿಂದು, "ಆಸ್ಪತ್ರೆ ಸಾರು" ಎಂದಳು.

ವಾಪಸ್ ಫ್ರೀಜರ್‌ಗೆ: ಫ್ರಿಜ್‌ನಲ್ಲೇ ಮಂಜು ಬಿಟ್ಟ ಒಂದು ಪೊಟ್ಟಣ ಬೇಡವಾಯಿತು, ಮತ್ತೆ ಮೇಲಕ್ಕೆ ಹಾಕಿದೆ. ಅದು ತಪ್ಪಲ್ಲ, ಮಾಂಸ 5 ಡಿಗ್ರಿ ದಾಟಿಯೇ ಇರಲಿಲ್ಲ. ಆದರೆ ಎರಡನೆಯ ಸಲ ಬಿಟ್ಟಾಗ ಬೋಗುಣಿಯಲ್ಲಿ ನೀರು ಎದ್ದು ಕಾಣುವಷ್ಟು ಹೆಚ್ಚು, ತುಂಡು ನಾರು ನಾರು. ನೀರಿನಲ್ಲೋ ಮೈಕ್ರೋವೇವ್‌ನಲ್ಲೋ ಬಿಡಿಸಿದ್ದನ್ನು ಮಾತ್ರ ಬೇಯಿಸದೆ ಮೇಲೆ ಹಾಕುವುದಿಲ್ಲ.

ಫ್ರಿಜ್‌ನಲ್ಲಿ ಮಂಜು ಬಿಟ್ಟ ಮಟನ್ ತುಂಡನ್ನು ಮೂರು ದಿನ ಇಟ್ಟುಕೊಳ್ಳುತ್ತೇನೆ. ಕೋಳಿ, ಖೈಮಾ, ಮೀನಿಗೆ ಒಂದೇ ದಿನ.

ಸೆಪ್ಟೆಂಬರ್ 21: ಎರಡನೆಯ ಗುಡ್ಡೆ

ಮಹಾಲಯ ಅಮಾವಾಸ್ಯೆಗೆ ಮತ್ತೆ ಊರಿನಲ್ಲಿ ಗುಡ್ಡೆ. ಈ ಸಲ ಕಾರಿನಲ್ಲಿ ಐಸ್ ಪೆಟ್ಟಿಗೆ ಇತ್ತು, ತಳದಲ್ಲಿ ನೀರು ತುಂಬಿ ಗಟ್ಟಿ ಮಾಡಿದ ನಾಲ್ಕು ಬಾಟಲಿ. ಟಾರ್ಪಾಲಿನ ಬಳಿ ಪೆಟ್ಟಿಗೆ ತೆರೆದಾಗ, ಗುಡ್ಡೆ ಸಮ ಮಾಡುತ್ತಿದ್ದವರು ತಲೆಯೆತ್ತಿ, "ಲಸಿಕೆ ಹಾಕುವುದಕ್ಕೆ ಬಂದೆಯಾ?" ಎಂದರು. ನಗುವವರು ನಕ್ಕರು. ಆರಕ್ಕೆ ಪೆಟ್ಟಿಗೆ ಸೇರಿದ ಮಾಂಸ ಏಳೂವರೆಗೆ ಮನೆಯಲ್ಲಿತ್ತು.

ಎಡೆಗೆ, ಊಟಕ್ಕೆ ಬೇಕಾದಷ್ಟು ತೆಗೆದು, ಉಳಿದದ್ದು ಐದು ಪೊಟ್ಟಣವಾಯಿತು. ತಲಾ ಅರ್ಧ ಕಿಲೋ, ಎರಡು ಸೆಂಟಿಮೀಟರ್, ಚೂಪು ಮೂಳೆಗಳನ್ನು ಬೇರೆ ಮಾಡಿ, ಬಿಳಿ ಟೇಪಿನ ಮೇಲೆ ತಾರೀಕು ಬರೆದು. ಗಟ್ಟಿಯಾದ ಮೇಲೆ ಪುಸ್ತಕದಂತೆ ನಿಲ್ಲಿಸಿದರೆ ಜಾಗವೂ ಉಳಿಯಿತು. ಮುಂದಿನ ಭಾನುವಾರಕ್ಕೆ ಎರಡು ಬೇಕಿತ್ತು. ಶನಿವಾರ ಸಂಜೆ ಆರಕ್ಕೆ ಬೋಗುಣಿಯಲ್ಲಿ, ಒಂದಕ್ಕೊಂದು ತಾಗದಂತೆ ಇಟ್ಟೆ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ 2 ಡಿಗ್ರಿ. ಬೋಗುಣಿಯ ತಳದಲ್ಲಿ ಎರಡು ಚಮಚದಷ್ಟು ಕೆಂಪು ನೀರು. ತುಂಡುಗಳು ಬಾಣಲೆಯಲ್ಲಿ ಚುರ್ ಎಂದು ಸದ್ದು ಮಾಡಿದವು. ಅಮ್ಮ ಎರಡನೆಯ ಸಲ ಬಡಿಸಿಕೊಂಡಳು, ಮಾತಾಡಲಿಲ್ಲ.

ಅಕ್ಟೋಬರ್ 4, ಶನಿವಾರ ರಾತ್ರಿ: ಸಿಕ್ಕಿಕೊಂಡಿರುವ ಜಾಗ

ಕಾಲುಗಳು. ಗುಡ್ಡೆಯ ಜೊತೆ ನಾಲ್ಕು ಕಾಲು ಕೊಂಡಿದ್ದೆ, ಸುಟ್ಟು ತುಂಡು ಮಾಡಿಸಿದವು. ಚಪ್ಪಟೆ ಮಾಡಲು ಬಾರದ ವಸ್ತು. ಮೂಳೆಗಳು ಒಂದಕ್ಕೊಂದು ಹೆಣೆದುಕೊಂಡು, ಚೀಲಕ್ಕೆ ಮೂರು ಕಡೆ ಚುಚ್ಚಿ, ಕೊನೆಗೆ ಒಂದು ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿದ್ದೆ. ಅಂದರೆ ಏಪ್ರಿಲ್ ಒಂದರ ತಪ್ಪನ್ನೇ ಡಬ್ಬಿಯೊಳಗೆ ಮಾಡಿದ್ದೆ, ಸ್ಟ್ರಾ ಇಟ್ಟಿದ್ದೊಂದೇ ಹೆಚ್ಚು.

ನಾಳೆ ಬೆಳಗ್ಗೆ ಕಾಲು ಸೂಪ್ ಆಗಬೇಕು. ನಿನ್ನೆ ಸಂಜೆ ಏಳಕ್ಕೆ ಡಬ್ಬಿಯನ್ನು ಫ್ರಿಜ್‌ಗೆ ಇಳಿಸಿದೆ. ಈಗ ರಾತ್ರಿ ಹತ್ತಕ್ಕೆ ಇಪ್ಪತ್ತು ನಿಮಿಷ, 26 ಗಂಟೆ ದಾಟಿದೆ, ನಡುಭಾಗ ಮೈನಸ್ 1.4. ಹೊರಗಿನ ತುಂಡುಗಳು ಕೈಗೆ ಬರುತ್ತಿವೆ, ಅವನ್ನು ಬಿಡಿಸಿ ಬೇರೆ ಬೋಗುಣಿಗೆ ಹಾಕಿ ಫ್ರಿಜ್‌ನಲ್ಲೇ ಇಟ್ಟಿದ್ದೇನೆ. ಡಬ್ಬಿಯ ತಳದವು ಅಲುಗುತ್ತಿಲ್ಲ. ಫ್ರೀಜರ್‌ನಲ್ಲಿ ಎರಡು ಟ್ರೇ ಐಸ್ ಸಿದ್ಧವಿದೆ, ಹೂಜಿ ತುಂಬಿದೆ. ಅಲಾರಾಂ ಐದಕ್ಕೆ.